ಮನೆಯಲ್ಲೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ಯಾವ ಎಂಜಿನ್ ಹಾಕಲಿ? (80ರಿಂದ 100 ಎಚ್‌ಪಿ)

ಶೆಡ್ಡಲ್ಲಿ_ವಿಮಾನ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬಾಯಿ ಬಿಡದೆ ಬೇರೆ ದಾರಿ ಇಲ್ಲ.

ವಿಮಾನ ಹೀಗಿದೆ. ಪಕ್ಕಪಕ್ಕ ಎರಡು ಸೀಟು, ರೆಕ್ಕೆ ತಲೆ ಮೇಲೆ, ಉಕ್ಕಿನ ಪೈಪಿನ ಚೌಕಟ್ಟು, ಅದರ ಮೇಲೆ ಬಟ್ಟೆ. ಮುಂದೆ ಮೂಗಿನ ಚಕ್ರ. ಒಟ್ಟು ತೂಕದ ಮಿತಿ 600 ಕೆಜಿ. ರೆಕ್ಕೆ, ಬಾಲ, ಚಕ್ರ ಎಲ್ಲ ಮುಗಿದಿದೆ. ಫೈರ್‌ವಾಲ್ (ಎಂಜಿನ್‌ಗೂ ಸೀಟಿನ ಜಾಗಕ್ಕೂ ನಡುವಿನ ಬೆಂಕಿ ತಡೆಯುವ ಗೋಡೆ) ಮುಂದೆ ಮಾತ್ರ ಖಾಲಿ. ಶೆಡ್ಡಿಗೆ ಬಂದವರೆಲ್ಲ ಅದನ್ನೇ ನೋಡಿ "ಎಂಜಿನ್ ಯಾವುದು?" ಎಂದು ಕೇಳುತ್ತಾರೆ. ನಾನು ಟೀ ತರಲು ಹೋಗುತ್ತೇನೆ.

ನಕ್ಷೆಯಲ್ಲಿ "80ರಿಂದ 100 ಎಚ್‌ಪಿ" ಎಂದಷ್ಟೇ ಇದೆ. ವಿನ್ಯಾಸ ಮಾಡಿದವರು ಮೊದಲ ವಿಮಾನ ಹಾರಿಸಿದ್ದು ರೋಟಾಕ್ಸ್ 912ರಲ್ಲಿ. ಈಗ ನನ್ನ ಎದುರು ನಾಲ್ಕು ದಾರಿ ಇವೆ: ರೋಟಾಕ್ಸ್ 912 ಯುಎಲ್‌ಎಸ್, ಜಬಿರು 2200, ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್‌ನಿಂದ ಮಾಡಿದ್ದು, ಮತ್ತೆ ಹಳೆಯ ಕಾಂಟಿನೆಂಟಲ್ ಒ-200. ಕೊನೆಯದು ಪರಿಚಯದವರ ಹತ್ತಿರ ಇದೆ, ಕೈಗೆಟುಕುವಂತಿದೆ. ಮನಸ್ಸು ಅದರ ಕಡೆಗೇ ವಾಲುತ್ತಿದೆ. ಏನಂತೀರಿ?

ಹಳೇ_ಮ್ಯಾಗ್ನೆಟೊ:
ಮನಸ್ಸಿನ ಮಾತು ಕೇಳಿ, ಒ-200 ಹಾಕಿ. ಸೆಸ್ನಾ 150ರಲ್ಲಿ ಎಷ್ಟು ಸಾವಿರ ಜನ ಹಾರಲು ಕಲಿತಿದ್ದು ಇದೇ ಎಂಜಿನ್ ಮೇಲೆ! 100 ಎಚ್‌ಪಿ, 2750 ಆರ್‌ಪಿಎಂ. ಗೇರ್‌ಬಾಕ್ಸ್ ಇಲ್ಲ, ರೇಡಿಯೇಟರ್ ಇಲ್ಲ, ನೀರಿನ ಹೋಸ್ ಇಲ್ಲ. ಎರಡು ಮ್ಯಾಗ್ನೆಟೊ, ಅಂದರೆ ತಾನೇ ಕರೆಂಟ್ ಹುಟ್ಟಿಸಿ ಕಿಡಿ ಕೊಡುವ ಸಾಧನ. ಬ್ಯಾಟರಿ ಕಿತ್ತು ಬಿಸಾಡಿದರೂ ಓಡುತ್ತಲೇ ಇರುತ್ತದೆ. ಇಲ್ಲದ ಭಾಗ ಕೆಡುವುದಿಲ್ಲ, ಅಲ್ವಾ?

ಬಾಲಚಕ್ರ:
ಕೆಡುವುದಿಲ್ಲ ನಿಜ, ಆದರೆ ಇರುವ ಭಾಗಗಳ ತೂಕ ಎಷ್ಟು ಅಂತಲೂ ಹೇಳಿ ಸರ್ 😀

ಎಣ್ಣೆಕೈ:
ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಎಂಜಿನ್ ಒಳ್ಳೆಯದು ಎಂದು ಇಲ್ಲಿ ಹತ್ತು ಪುಟ ಜಗಳ ಆಡಬಹುದು, ಹಿಂದೆ ಆಡಿಯೂ ಇದ್ದೇವೆ. ಆದರೆ ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಎಂಜಿನ್ ನಿಂತಿತು ಎಂದಾಗ ನಾನು ನೋಡಿದ ಮಟ್ಟಿಗೆ ಪಿಸ್ಟನ್ನು, ಕ್ರ್ಯಾಂಕು (ಪಿಸ್ಟನ್ ತಿರುಗಿಸುವ ದಂಡ) ತಪ್ಪಿತಸ್ಥ ಆಗಿರುವುದು ಕಡಿಮೆ. ಅದರ ಸುತ್ತ ನಾವು ಕೈಯಾರೆ ಕೂರಿಸಿದ ಪೈಪು, ಹೋಸು, ವೈರು, ಡಕ್ಟು (ಗಾಳಿ ಹಾಯುವ ಕೊಳವೆ) ಇವೇ ಜಾಸ್ತಿ. ಆದ್ದರಿಂದ ನೀವು ಆರಿಸುವುದು ಎಂಜಿನ್ ಅಲ್ಲ. ಫೈರ್‌ವಾಲ್ ಮುಂದಿನ ಇಡೀ ಸಂಸಾರ.

ನನ್ನದೇ ಕಥೆ ಕೇಳಿ. ರೋಟಾಕ್ಸ್ 912, ಹಾರಿದ್ದು ಇನ್ನೂ ಹನ್ನೊಂದು ಗಂಟೆ. ಮೇಲೇರುವಾಗ ಇದ್ದಕ್ಕಿದ್ದಂತೆ ನಡುಗಲು ಶುರುವಾಯಿತು. ನಡುಕ ಅಂದರೆ ಎಂಥದ್ದು, ಪ್ಯಾನಲ್ ಮೇಲಿನ ಒಂದು ಮುಳ್ಳೂ ಓದಲು ಆಗುತ್ತಿರಲಿಲ್ಲ. ಈ ಎಂಜಿನ್‌ಗೆ ಎರಡು ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ), ಒಂದೊಂದು ಕಡೆಯ ಎರಡು ಸಿಲಿಂಡರ್‌ಗೆ ಒಂದೊಂದು. ಒಂದು ಕಾರ್ಬುರೇಟರ್ ಕೈಕೊಟ್ಟರೆ ಅರ್ಧ ಎಂಜಿನ್ ಇನ್ನರ್ಧವನ್ನು ಎಳೆದುಕೊಂಡು ಹೋಗಬೇಕು. ಪುಣ್ಯಕ್ಕೆ ರನ್‌ವೇ ಇನ್ನೂ ಕಣ್ಣಳತೆಯಲ್ಲಿತ್ತು, ತಿರುಗಿ ಬಂದು ಇಳಿದೆ. ಕಾರ್ಬುರೇಟರ್‌ನ ಬೌಲ್ ಬಿಚ್ಚಿದರೆ ಪೆಟ್ರೋಲ್ ಬಿಡುವ ಸೂಜಿಯ ಬುಡದಲ್ಲಿ ಬಿಳಿ ದಾರದಂಥದ್ದು. ಬೆರಳ ತುದಿಯಲ್ಲಿ ಉಜ್ಜಿದರೆ ಸುರುಳಿ ಸುತ್ತಿಕೊಂಡಿತು. ಟೆಫ್ಲಾನ್ ಟೇಪು! ಪೆಟ್ರೋಲ್ ಪೈಪಿನ ತಿರುಪಿಗೆ ಸುತ್ತಿದ್ದವನು ನಾನೇ. ಸೋರಬಾರದು ಅಂತ ಇನ್ನೊಂದು ಸುತ್ತು ಜಾಸ್ತಿಯೇ ಸುತ್ತಿದ್ದೆ.

ಅಲ್ಲಿ ಒ-200 ಇದ್ದಿದ್ದರೆ? ಅದಕ್ಕೆ ಇರುವುದೇ ಒಂದು ಕಾರ್ಬುರೇಟರ್. ಪೂರ್ತಿ ನಿಲ್ಲುತ್ತಿತ್ತು, ಅಷ್ಟೇ ವ್ಯತ್ಯಾಸ.

ಲೆಕ್ಕದಪುಸ್ತಕ:
ಗುರುಗಳ ಮಾತು ಸರಿ. ಆದರೂ ತೂಕದ ಪ್ರಶ್ನೆ ಹಾಗೇ ಉಳಿಯಿತು. ಲೆಕ್ಕ ಹಾಕಿಯೇ ಬಿಡೋಣ.

912 ಯುಎಲ್‌ಎಸ್ ಅಂದರೆ ಎಕ್ಸಾಸ್ಟ್, ರೇಡಿಯೇಟರ್, ನೀರು, ಎಣ್ಣೆ ಎಲ್ಲ ಸೇರಿ ಸುಮಾರು 75 ಕೆಜಿ ಹಿಡಿಯಿರಿ. ಒ-200 ಪೂರ್ತಿ ಸಜ್ಜಾಗಿ ಕೂತಾಗ 105 ಅನ್ನೋಣ. ವ್ಯತ್ಯಾಸ 30 ಕೆಜಿ. ಆ 30 ಕೆಜಿ ಕೂರುವುದು ಗುರುತ್ವಕೇಂದ್ರದಿಂದ ಸುಮಾರು 1.1 ಮೀಟರ್ ಮುಂದೆ. ಅಂದರೆ 33 ಕೆಜಿ-ಮೀಟರ್ ಮೂಗು ಭಾರ. ತುಂಬಿದ ವಿಮಾನ 590 ಕೆಜಿ ಇದ್ದರೆ ಕೇಂದ್ರ 56 ಮಿಲಿಮೀಟರ್ ಮುಂದಕ್ಕೆ ಜರುಗುತ್ತದೆ. ರೆಕ್ಕೆಯ ಅಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 1.4 ಮೀಟರ್ ಆದರೆ ಅದರ 4%. ಇಂಥ ವಿಮಾನಗಳಿಗೆ ಕೇಂದ್ರ ಹಿಂದೆಮುಂದೆ ಜರುಗಲು ಇರುವ ಒಟ್ಟು ಅವಕಾಶವೇ ಸಾಮಾನ್ಯವಾಗಿ 12ರಿಂದ 15% ಇರುತ್ತದೆ. ಅದರಲ್ಲಿ ಕಾಲುಭಾಗದ ಮೇಲೆ ಎಂಜಿನ್ ಒಂದೇ ತಿಂದುಹಾಕಿತು.

ಸರಿ, ಬಾಲಕ್ಕೆ ಸೀಸ ಕಟ್ಟುತ್ತೇನೆ ಅಂತೀರಿ. ಬಾಲ 4.2 ಮೀಟರ್ ಹಿಂದಿದೆ ಅಂದುಕೊಳ್ಳಿ. 33 ಭಾಗಿಸು 4.2, ಹೆಚ್ಚುಕಡಿಮೆ 8 ಕೆಜಿ ಸೀಸ. ಈಗ ಒಟ್ಟು 38 ಕೆಜಿ ಜಾಸ್ತಿ. ಪೆಟ್ರೋಲ್ ಲೆಕ್ಕದಲ್ಲಿ 52 ಲೀಟರ್. 912 ಯುಎಲ್‌ಎಸ್ 75% ಶಕ್ತಿಯಲ್ಲಿ ಗಂಟೆಗೆ ಸುಮಾರು 18.5 ಲೀಟರ್ ಕುಡಿಯುತ್ತದೆ. ಎರಡೂಮುಕ್ಕಾಲು ಗಂಟೆಯ ಹಾರಾಟವನ್ನು ಸೀಸ ಮತ್ತು ಕಬ್ಬಿಣದ ರೂಪದಲ್ಲಿ ಹೊತ್ತು ತಿರುಗುತ್ತೀರಿ.

ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. ಎರಡೂ ತುದಿಯಲ್ಲಿ ತೂಕ ಹಾಕಿದರೆ ತಕ್ಕಡಿ ಸರಿಹೋಗುತ್ತದೆ, ಆದರೆ ವಿಮಾನ ಡಂಬೆಲ್ ಆಗುತ್ತದೆ. ಸ್ಪಿನ್‌ಗೆ, ಅಂದರೆ ಹಿಡಿತ ತಪ್ಪಿದ ಗಿರಕಿಗೆ ಬಿದ್ದರೆ ತಿರುಗುವುದನ್ನು ನಿಲ್ಲಿಸಲು ರಡ್ಡರ್ (ಬಾಲದ ಚುಕ್ಕಾಣಿ) ಜಾಸ್ತಿ ಹೊತ್ತು ಹೋರಾಡಬೇಕು. ವಿನ್ಯಾಸಕಾರರು ಪರೀಕ್ಷೆ ಮಾಡಿದ್ದು ಆ ವಿಮಾನವನ್ನಲ್ಲ.

ಹಳೇ_ಮ್ಯಾಗ್ನೆಟೊ:
ಲೆಕ್ಕದವರು ಬಂದರೆ ಖುಷಿಗೆ ಜಾಗ ಇಲ್ಲ. ಬ್ಯಾಟರಿಯನ್ನು ಸೀಟಿನ ಹಿಂದೆ ಇಡಿ, ಹಗುರ ಸ್ಟಾರ್ಟರ್ ಹಾಕಿ, ಮರದ ಪ್ರೊಪೆಲ್ಲರ್ ಹಾಕಿ. 105 ಯಾಕಾಗಬೇಕು? ಒ-200-ಡಿ ಅಂತ ಹಗುರ ಮಾಡಿದ್ದೇ ಇದೆ. ಸೆಸ್ನಾ 162ಕ್ಕೆ ಹಾಕಿದ್ದು ಅದನ್ನೇ.

ಲೆಕ್ಕದಪುಸ್ತಕ:
ಪರಿಚಯದವರ ಹತ್ತಿರ ಇರುವುದು ಡಿ ಅಲ್ಲವಲ್ಲ, ಸರ್. ಹಳೆಯದು ಅಂದರಲ್ಲ. ಆದರೆ ಬ್ಯಾಟರಿ ಮಾತು ಒಪ್ಪಿದೆ. ಸೀಸ ಕಟ್ಟುವ ಮೊದಲು ಹೇಗೂ ಬೇಕಾಗಿರುವ ತೂಕವನ್ನೇ ಹಿಂದಕ್ಕೆ ಸರಿಸುವುದು ಜಾಣತನ.

ಶೆಡ್ಡಲ್ಲಿ_ವಿಮಾನ:
ಎದೆ ಧಸಕ್ ಅಂದಿತು. ನಾನೂ ಕೂತು ಲೆಕ್ಕ ಹಾಕಿದೆ. ಹಗುರ ಎಂಜಿನ್ ಆದರೆ ಖಾಲಿ ತೂಕ 330 ಆಗಬಹುದು. ಹೊರಲು 270 ಉಳಿಯುತ್ತದೆ. ನಾವಿಬ್ಬರು 160, ಪೆಟ್ರೋಲ್ 80 ಲೀಟರ್ ಅಂದರೆ 58, ಒಂದು ಬ್ಯಾಗು 10. ಒಟ್ಟು 228. ಕೈಯಲ್ಲಿ 42 ಕೆಜಿ ಇದೆ. ಒ-200 ಮತ್ತು ಸೀಸ ಹಾಕಿದರೆ 4 ಕೆಜಿ.

ನಾಲ್ಕೇ ಕೆಜಿ! ಇನ್ನೂ ಬಣ್ಣ ಹೊಡೆದಿಲ್ಲ.

ಬಾಲಚಕ್ರ:
ಬಣ್ಣ ಹೊಡೆಯದೆ ಹಾರಿಸಿ, ಇಲ್ಲಾ ಬ್ಯಾಗು ಬಿಟ್ಟು ಹೋಗಿ. ಇಬ್ಬರಲ್ಲಿ ಒಬ್ಬರು ಉಪವಾಸ ಮಾಡಿದರೂ ಆಗುತ್ತದೆ.

ಗಿರಗಿಟ್ಲೆ:
ಜಬಿರು ಬಗ್ಗೆ ಯಾರೂ ಮಾತಾಡುತ್ತಿಲ್ಲ, ನಾನು ಹೇಳುತ್ತೇನೆ. ನನ್ನದು 2200. 400 ಗಂಟೆ ದಾಟಿದೆ. 85 ಎಚ್‌ಪಿ, 3300 ಆರ್‌ಪಿಎಂ, ಗಾಳಿಯಲ್ಲೇ ತಣ್ಣಗಾಗುತ್ತದೆ, ನೇರ ಡ್ರೈವ್. ಎಕ್ಸಾಸ್ಟ್, ಸ್ಟಾರ್ಟರ್ ಸೇರಿ 63 ಕೆಜಿ ಆಸುಪಾಸು. ಇಷ್ಟು ಸರಳವಾದದ್ದು ಈ ತೂಕದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಮುಚ್ಚುಮರೆ ಬೇಡ. 2014ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಸುರಕ್ಷತಾ ಪ್ರಾಧಿಕಾರ ಜಬಿರು ಎಂಜಿನ್ ಇರುವ ವಿಮಾನಗಳ ಮೇಲೆ ನಿರ್ಬಂಧ ಹಾಕಿತ್ತು. ಎಂಜಿನ್ ಕೈಕೊಟ್ಟ ಘಟನೆಗಳು ಜಾಸ್ತಿಯಾಗಿದ್ದವು. ಥ್ರೂ ಬೋಲ್ಟ್, ಫ್ಲೈವೀಲ್ ಬೋಲ್ಟ್, ಎಕ್ಸಾಸ್ಟ್ ವಾಲ್ವ್, ಇವು ಆಗ ಎಲ್ಲರ ಬಾಯಲ್ಲೂ ಇದ್ದ ಹೆಸರು. 2016ರಲ್ಲಿ ಆ ನಿರ್ಬಂಧ ಸಡಿಲಿಸಿದರು. ಆಮೇಲೆ ಬಂದ ಎಂಜಿನ್‌ಗಳು ಬದಲಾಗಿವೆ. ಹಳೆಯದನ್ನು ಕೊಳ್ಳುವುದಾದರೆ ಯಾವ ಸುಧಾರಣೆ ಆಗಿದೆ, ಯಾವುದು ಆಗಿಲ್ಲ ಎಂದು ಲಾಗ್‌ಬುಕ್‌ನಲ್ಲಿ ಒಂದೊಂದೇ ಸಾಲು ನೋಡಿ.

ಇದರ ಜುಟ್ಟು ಇರುವುದು ಬಿಸಿಯ ಕೈಯಲ್ಲಿ. ನನ್ನ ಎಂಜಿನ್‌ನಲ್ಲಿ ಹಿಂದಿನ ಎಡ ಸಿಲಿಂಡರ್ ಉಳಿದವಕ್ಕಿಂತ 30 ಡಿಗ್ರಿ ಜಾಸ್ತಿ ಕಾಯುತ್ತಿತ್ತು. ತಪ್ಪು ನಾನು ಮಾಡಿದ ಡಕ್ಟ್‌ದು. ಗಾಳಿ ಒಳಗೆ ಬರುವ ಬಾಯಿಯನ್ನು ದೊಡ್ಡದು ಮಾಡಿದೆ, ಏನೂ ಆಗಲಿಲ್ಲ. ಆಮೇಲೆ ತಿಳಿಯಿತು, ಬರುವ ಗಾಳಿಗಿಂತ ಹೊರಗೆ ಹೋಗುವ ಗಾಳಿ ಮುಖ್ಯ. ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಕೆಳಗೆ ಒಂದು ತುಟಿ ಬಾಗಿಸಿ ಕೂರಿಸಿದೆ. ಡಕ್ಟ್ ಒಳಗೆ ಒಂದು ಸಣ್ಣ ತಡೆ ಹಾಕಿದೆ. ವ್ಯತ್ಯಾಸ ಎಂಟು ಡಿಗ್ರಿಗೆ ಇಳಿಯಿತು. ಮೂರು ತಿಂಗಳ ಶನಿವಾರಗಳು ಹೋದವು ಅದಕ್ಕೆ. ನಾಲ್ಕು ಸಿಲಿಂಡರ್‌ಗೂ ಬೇರೆಬೇರೆ ಟೆಂಪರೇಚರ್ ಸೆನ್ಸರ್ ಹಾಕದೆ ಈ ಎಂಜಿನ್ ಮುಟ್ಟಲೇಬೇಡಿ. ಒಂದೇ ಹಾಕಿದರೆ ಅದು ತಣ್ಣಗಿರುವ ಸಿಲಿಂಡರ್ ಮೇಲೇ ಇರುತ್ತದೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ಎಣ್ಣೆಕೈ:
ಗಿರಗಿಟ್ಲೆ ಮೇಡಂ, ತುಟಿಯ ಫೋಟೊ ಇದ್ದರೆ ಹಾಕಿ. ಇದು ಜಬಿರು ಅಂತಲ್ಲ, ಗಾಳಿಯಲ್ಲಿ ತಣ್ಣಗಾಗುವ ಎಲ್ಲಕ್ಕೂ ಅನ್ವಯಿಸುತ್ತದೆ. ನೀರಿನದ್ದಕ್ಕೂ ಹಾಗೆಯೇ, ರೇಡಿಯೇಟರ್ ಹಿಂದೆ ಗಾಳಿಗೆ ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಇಟ್ಟರೂ ಅಷ್ಟೇ.

ಹೊಸಗರಿ:
ಒಂದು ಪೆದ್ದ ಪ್ರಶ್ನೆ. ರೋಟಾಕ್ಸ್ 5800 ಆರ್‌ಪಿಎಂ ಓಡುತ್ತದೆ, ಜಬಿರು 3300, ಕಾಂಟಿನೆಂಟಲ್ 2750. ಹೆಚ್ಚುಕಡಿಮೆ ಅಷ್ಟೇ ಎಚ್‌ಪಿಗೆ ಇಷ್ಟು ವ್ಯತ್ಯಾಸ ಯಾಕೆ? ಮತ್ತೆ 5800ರಲ್ಲಿ ಓಡಿದರೆ ಬೇಗ ಸವೆಯುವುದಿಲ್ಲವೇ?

ಲೆಕ್ಕದಪುಸ್ತಕ:
ಪೆದ್ದ ಪ್ರಶ್ನೆ ಅಲ್ಲವೇ ಅಲ್ಲ. ಸಿಲಿಂಡರ್ ಅಳತೆ ನೋಡಿ. ಒ-200 ಹತ್ತಿರಹತ್ತಿರ 3.3 ಲೀಟರ್. 912 ಯುಎಲ್‌ಎಸ್ 1352 ಸಿಸಿ, ಅರ್ಧಕ್ಕಿಂತ ಕಡಿಮೆ. ಚಿಕ್ಕ ಎಂಜಿನ್‌ನಿಂದ ಅಷ್ಟೇ ಶಕ್ತಿ ಬೇಕಾದರೆ ಜಾಸ್ತಿ ಸಲ ತಿರುಗಿಸಬೇಕು. ತೂಕ ಉಳಿಯುವುದು ಅಲ್ಲಿಯೇ.

ಆದರೆ ಪ್ರೊಪೆಲ್ಲರ್ ಅಷ್ಟು ಜೋರಾಗಿ ತಿರುಗಬಾರದು. 1.7 ಮೀಟರ್ ಪ್ರೊಪೆಲ್ಲರ್ ಅನ್ನು 5800ರಲ್ಲಿ ತಿರುಗಿಸಿದರೆ ತುದಿಯ ವೇಗ ಸೆಕೆಂಡಿಗೆ 516 ಮೀಟರ್. ಶಬ್ದದ ವೇಗವೇ 340. ಆಗ ಪ್ರೊಪೆಲ್ಲರ್ ವಿಮಾನ ಎಳೆಯುವುದಿಲ್ಲ, ಬರೀ ಕಿರುಚುತ್ತದೆ. ಅದಕ್ಕೇ ಗೇರ್‌ಬಾಕ್ಸ್: ಯುಎಲ್‌ಎಸ್‌ನಲ್ಲಿ 2.43ಕ್ಕೆ 1. ಪ್ರೊಪೆಲ್ಲರ್‌ಗೆ ಸಿಗುವುದು 2387 ಆರ್‌ಪಿಎಂ, ತುದಿ 212 ಮೀಟರ್. ಹಾಯಾಗಿ ಇರುತ್ತದೆ, ಸದ್ದೂ ಕಡಿಮೆ.

ಜಬಿರುಗೆ ಗೇರ್ ಇಲ್ಲ. 3300ರಲ್ಲಿ ತುದಿ ಹದ್ದುಬಸ್ತಿನಲ್ಲಿ ಇರಬೇಕಾದರೆ ಪ್ರೊಪೆಲ್ಲರ್ ಗಿಡ್ಡ ಇರಬೇಕು. 1.5 ಮೀಟರ್‌ಗೆ 259 ಬರುತ್ತದೆ, ಪರವಾಗಿಲ್ಲ. ಆದರೆ ನಿಧಾನ ಹಾರುವ ವಿಮಾನಕ್ಕೆ ಉದ್ದ ಪ್ರೊಪೆಲ್ಲರ್ ಬೇಕು. ಅದೇ ಶಕ್ತಿಯನ್ನು 1.5ರ ಬದಲು 1.7 ಮೀಟರ್ ಪ್ರೊಪೆಲ್ಲರ್‌ಗೆ ಕೊಟ್ಟರೆ ನಿಂತಲ್ಲಿ ಸಿಗುವ ಎಳೆತ ಲೆಕ್ಕದ ಪ್ರಕಾರ 8-9% ಜಾಸ್ತಿ. ನಮ್ಮ ಗೆಳೆಯರದ್ದು ರೆಕ್ಕೆ ಮೇಲಿರುವ, ಬಟ್ಟೆ ಹೊದ್ದ, ಗಾಳಿಗೆ ಮೈಯೊಡ್ಡುವ ವಿಮಾನ. ಅದಕ್ಕೆ ಎಚ್‌ಪಿಗಿಂತ ಈ ಎಳೆತ ಮುಖ್ಯ. ನುಣುಪಾದ, ಜೋರಾಗಿ ಓಡುವ ಚಿಕ್ಕ ವಿಮಾನ ಆಗಿದ್ದರೆ ನಾನೇ ಜಬಿರು ಹಾಕಿ ಅನ್ನುತ್ತಿದ್ದೆ.

ಸವೆತದ ಪ್ರಶ್ನೆ: 912ಕ್ಕೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಮಾಡುವ) ಅವಧಿ 2000 ಗಂಟೆ ಇಲ್ಲಾ 15 ವರ್ಷ, ಯಾವುದು ಮೊದಲೋ ಅದು. ಸ್ಟ್ರೋಕ್ ಗಿಡ್ಡ, ಆದ್ದರಿಂದ ಪಿಸ್ಟನ್ ಅಷ್ಟೇನೂ ಓಡಾಡುವುದಿಲ್ಲ. 5800 ಅನ್ನುವುದು 5 ನಿಮಿಷಕ್ಕೆ ಮಾತ್ರ. ಆಮೇಲೆ 5500.

ಹೊಸಗರಿ:
ಈಗ ಅರ್ಥ ಆಯಿತು. ಥ್ಯಾಂಕ್ಸ್ ಸರ್.

ಕಾರಿನಿಂದ_ಆಕಾಶಕ್ಕೆ:
ಫೋಕ್ಸ್‌ವ್ಯಾಗನ್ ಹೆಸರು ಬಂತು ಅಂತ ಬಂದೆ. 2180 ಸಿಸಿಯದ್ದು ಕಟ್ಟಿ ಹಾರಿಸಿದ್ದೇನೆ. ಕಾರಿನ ಎಂಜಿನ್ ಹಾರಿಸುವುದು ಹೊಸದೇನಲ್ಲ. 1920ರ ದಶಕದ ಕೊನೆಯಲ್ಲೇ ಅಮೆರಿಕದ ಬರ್ನಾರ್ಡ್ ಪೀಟೆನ್‌ಪೋಲ್ ತಮ್ಮ ವಿಮಾನಕ್ಕೆ ಫೋರ್ಡ್ ಮಾಡೆಲ್ ಎ ಎಂಜಿನ್ ಹಾಕಿದ್ದರು. 1960ರಲ್ಲಿ ಶೆವ್ರೊಲೆ ಕಾರ್ವೇರ್ ಎಂಜಿನ್ ಹಾಕಿದರು. ಕಾರ್ವೇರ್ ಇವತ್ತಿಗೂ ಹಾರುತ್ತಿದೆ.

ಆದರೆ ನಿಮಗೆ ಹಾಕಿ ಅನ್ನಲಾರೆ. ಕಾರು ಹೆದ್ದಾರಿಯಲ್ಲಿ ಆರಾಮಾಗಿ ಹೋಗುವಾಗ ಎಂಜಿನ್ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಕೊಡುತ್ತಿರುತ್ತದೆ. ವಿಮಾನದಲ್ಲಿ ಗಂಟೆಗಟ್ಟಲೆ 70-75%. ಫೋಕ್ಸ್‌ವ್ಯಾಗನ್‌ನಲ್ಲಿ ಪಿಸ್ಟನ್ ದೊಡ್ಡದು ಮಾಡಿ 80 ಎಚ್‌ಪಿ ತೆಗೆಯಬಹುದು, ಆದರೆ ಆ ಬಿಸಿಯನ್ನು ಹೊರಗೆ ಹಾಕುವ ಸಿಲಿಂಡರ್ ಹೆಡ್ ಹೆಚ್ಚುಕಡಿಮೆ ಹಳೆಯ ಅಳತೆಯದ್ದೇ. ಮೇಲೇರುವಾಗ 80, ಆಮೇಲೆ ಹೆಡ್ ಟೆಂಪರೇಚರ್ ನೋಡಿಕೊಂಡು ಕೈ ಹಿಂದೆ ತೆಗೆಯಬೇಕು. ಒಬ್ಬರೇ ಕೂರುವ ಹಗುರ ವಿಮಾನಕ್ಕೆ ಬಂಗಾರದಂಥ ಎಂಜಿನ್. 600 ಕೆಜಿಗೆ ಸಾಲದು.

ಇನ್ನೊಂದು, ಕ್ರ್ಯಾಂಕ್. ಕಾರಿನಲ್ಲಿ ಕ್ರ್ಯಾಂಕ್ ಬರೀ ತಿರುಚುತ್ತದೆ. ವಿಮಾನದಲ್ಲಿ ಪ್ರೊಪೆಲ್ಲರ್ ಒಂದು ಗಿರಗಿರ ತಿರುಗುವ ಬುಗುರಿ. ಮೂಗು ಎತ್ತಿದಾಗ, ಇಳಿಸಿದಾಗ, ಪಕ್ಕಕ್ಕೆ ಜಾರಿದಾಗ ಅದು ಕ್ರ್ಯಾಂಕಿನ ತುದಿಯನ್ನು ಬಗ್ಗಿಸಲು ನೋಡುತ್ತದೆ. ಕಾರ್ವೇರ್‌ನಲ್ಲಿ ಕ್ರ್ಯಾಂಕ್ ಬಿರುಕು ಬಿಟ್ಟಿದ್ದರಿಂದಲೇ ಮುಂದೆ ಐದನೇ ಬೇರಿಂಗ್ ಸೇರಿಸುವ ಪದ್ಧತಿ ಬಂದಿದ್ದು.

ಹೊಸಗರಿ:
ಟೂ ಸ್ಟ್ರೋಕ್? ಎಲೆಕ್ಟ್ರಿಕ್?

ಎಣ್ಣೆಕೈ:
ರೋಟಾಕ್ಸ್ 582 ಒಳ್ಳೆಯ ಎಂಜಿನ್, 65 ಎಚ್‌ಪಿ, ಗರಿಯ ಹಾಗೆ ಹಗುರ. ಓವರ್‌ಹಾಲ್ 300 ಗಂಟೆಗೆ. ಈ ವಿಮಾನಕ್ಕೆ ಶಕ್ತಿ ಸಾಲದು. ಎಲೆಕ್ಟ್ರಿಕ್‌ನಲ್ಲಿ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊಗೆ 2020ರಲ್ಲೇ ಯುರೋಪಿನಲ್ಲಿ ಪ್ರಮಾಣಪತ್ರ ಸಿಕ್ಕಿದೆ. ಆದರೆ ಹಾರುವುದು ಮುಕ್ಕಾಲು ಗಂಟೆ, ಚೂರು ಹೆಚ್ಚು. ಸುತ್ತು ಹಾಕಿ ಇಳಿಯಲು ಚೆಂದ.

ಹಳೇ_ಮ್ಯಾಗ್ನೆಟೊ:
ಸರಿ, ತೂಕದಲ್ಲಿ ಸೋತೆ. ಆದರೆ ರೋಟಾಕ್ಸ್ ಭಕ್ತರು ಇದಕ್ಕೆ ಉತ್ತರ ಕೊಡಲಿ. ಬ್ಯಾಟರಿ ಸತ್ತರೆ ಏನು ಮಾಡುತ್ತೀರಿ? ನನ್ನದನ್ನು ಪ್ರೊಪೆಲ್ಲರ್ ಹಿಡಿದು ತಿರುಗಿಸಿ ಸ್ಟಾರ್ಟ್ ಮಾಡುತ್ತೇನೆ.

ಎಣ್ಣೆಕೈ:
ನೆಲದ ಮೇಲೆ ಸತ್ತರೆ ಚಾರ್ಜರ್ ಹುಡುಕಬೇಕು, ನಿಜ. 912ರ ಇಗ್ನಿಷನ್‌ಗೆ ಕಿಡಿ ಕೊಡಲು ಒಂದು ಮಟ್ಟದ ವೇಗ ಬೇಕು, ಕೈಯಲ್ಲಿ ಅಷ್ಟು ಬರುವುದಿಲ್ಲ. ಆದರೆ ಆಕಾಶದಲ್ಲಿ ಸತ್ತರೆ ಏನೂ ಆಗುವುದಿಲ್ಲ. ಕಾರ್ಬುರೇಟರ್ ಇರುವ 912ಕ್ಕೂ ಎರಡು ಇಗ್ನಿಷನ್ ಇವೆ. ಕರೆಂಟನ್ನು ಎಂಜಿನ್ ಒಳಗಿನ ಸುರುಳಿಗಳೇ ಕೊಡುತ್ತವೆ, ಬ್ಯಾಟರಿಯ ಹಂಗಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಇರುವ 912 ಐಎಸ್ ವಿಷಯ ಬೇರೆ. ಅದಕ್ಕೆ ಕರೆಂಟೇ ಉಸಿರು. ಅದಕ್ಕೇ ಎರಡು ಜನರೇಟರ್, ಎರಡು ಸಾಲು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೊಟ್ಟಿದ್ದಾರೆ. ಪೆಟ್ರೋಲ್ ಉಳಿಯುತ್ತದೆ, ಕಾರ್ಬುರೇಟರ್‌ನಲ್ಲಿ ಐಸ್ ಕಟ್ಟುವ ಕಾಟ ಇಲ್ಲ. ಆದರೆ ವೈರಿಂಗ್ ಅನ್ನು ಹಗುರವಾಗಿ ತೆಗೆದುಕೊಳ್ಳುವವರಿಗೆ ಅಲ್ಲ.

ಐಸ್ ಅಂದಾಗ ನೆನಪಾಯಿತು. ಹಳೇ_ಮ್ಯಾಗ್ನೆಟೊ ಸರ್, ನಿಮ್ಮ ಒ-200ಕ್ಕೆ ಕಾರ್ಬುರೇಟರ್ ಐಸ್ ಎಷ್ಟು ಪ್ರೀತಿ ಎಂದು ನೀವೇ ಹೇಳಿ. ಲೈಕಮಿಂಗ್ ಎಂಜಿನ್‌ನಲ್ಲಿ ಕಾರ್ಬುರೇಟರ್ ಬಿಸಿ ಎಣ್ಣೆಯ ಸಂಪ್‌ಗೆ (ಕೆಳಗಿನ ತೊಟ್ಟಿಗೆ) ಅಂಟಿಕೊಂಡಿರುತ್ತದೆ. ನಿಮ್ಮದರಲ್ಲಿ ದೂರ ನೇತಾಡುತ್ತಿರುತ್ತದೆ.

ಹಳೇ_ಮ್ಯಾಗ್ನೆಟೊ:
ಕಾರ್ಬ್ ಹೀಟ್ (ಕಾರ್ಬುರೇಟರ್‌ಗೆ ಬಿಸಿ ಗಾಳಿ ಬಿಡುವ ಹಿಡಿ) ಎಳೆಯುವ ಅಭ್ಯಾಸ ಇದ್ದವರಿಗೆ ಅದು ಸಮಸ್ಯೆಯೇ ಅಲ್ಲ. 20 ಡಿಗ್ರಿ ಇದೆ, ಐಸ್ ಎಲ್ಲಿಂದ ಬರುತ್ತದೆ ಅಂದುಕೊಳ್ಳುವವರಿಗೆ ಮಾತ್ರ ಸಮಸ್ಯೆ.

ಬಾಲಚಕ್ರ:
ಪೆಟ್ರೋಲ್ ಬಗ್ಗೆ ಒಂದೆರಡು ಮಾತು. ಯುಎಲ್‌ಎಸ್‌ಗೆ 95 ಆಕ್ಟೇನ್ ಬೇಕು, ಕಂಪ್ರೆಷನ್ ಜಾಸ್ತಿ. 80 ಎಚ್‌ಪಿಯ 912 ಯುಎಲ್‌ಗೆ 90 ಸಾಕು. ನಿಮಗೆ ಖಾತ್ರಿಯಾಗಿ ಯಾವುದು ಸಿಗುತ್ತದೆ ಎಂದು ಮೊದಲು ನೋಡಿ. ಸೀಸ ಇರುವ ವಿಮಾನದ ಪೆಟ್ರೋಲ್, 100ಎಲ್‌ಎಲ್, ಹಾಕಿದರೆ ರೋಟಾಕ್ಸ್ ಓಡುತ್ತದೆ. ಆದರೆ ಎಣ್ಣೆಯನ್ನು ಗೇರ್‌ಬಾಕ್ಸೂ ಹಂಚಿಕೊಳ್ಳುವುದರಿಂದ ಸೀಸದ ಕೆಸರು ಅಲ್ಲೆಲ್ಲ ಕೂರುತ್ತದೆ. ಎಣ್ಣೆ ಬದಲಿಸುವ ಅವಧಿ ಅರ್ಧಕ್ಕೆ ಇಳಿಸಬೇಕು. ಒ-200 ಮಾತ್ರ ಅದನ್ನು ಹಾಲು ಕುಡಿದ ಹಾಗೆ ಕುಡಿಯುತ್ತದೆ.

ಎಥನಾಲ್ ಸೇರಿದ ಪೆಟ್ರೋಲ್ ಆದರೆ ಎಂಜಿನ್‌ಗಿಂತ ಮೊದಲು ಟ್ಯಾಂಕ್ ನೋಡಿ. ಕೆಲವು ರಾಳ, ಸೀಲೆಂಟ್ ಮೆತ್ತಗಾಗಿ ಕರಗಿ ಬರುತ್ತವೆ. ಬಂದದ್ದು ಎಲ್ಲಿಗೆ ಹೋಗುತ್ತದೆ? ಎಣ್ಣೆಕೈ ಅವರ ಟೆಫ್ಲಾನ್ ಹೋದ ಜಾಗಕ್ಕೇ.

ಶೆಡ್ಡಲ್ಲಿ_ವಿಮಾನ:
ನನ್ನ ಟ್ಯಾಂಕ್ ಅಲ್ಯೂಮಿನಿಯಂ, ಬೆಸುಗೆ ಹಾಕಿದ್ದು. ಬಚಾವ್.

ಎರಡು ವಾರ ತಲೆ ಕೆಡಿಸಿಕೊಂಡು ಕೊನೆಗೆ 912 ಯುಎಲ್‌ಎಸ್ ಎಂದು ತೀರ್ಮಾನ ಮಾಡಿದೆ. ಬಳಸಿದ್ದು ಒಂದು ಸಿಕ್ಕಿದೆ. 320 ಗಂಟೆ ಓಡಿದೆ, ಲಾಗ್‌ಬುಕ್ ಇದೆ. ಕೊಳ್ಳುವ ಮೊದಲು ಏನೇನು ನೋಡಲಿ?

ಎಣ್ಣೆಕೈ:
ಗಂಟೆಗಿಂತ ವರ್ಷ ನೋಡಿ. ಹೋಸ್, ಕಾರ್ಬುರೇಟರ್‌ನ ರಬ್ಬರ್ ಎಲ್ಲ 5 ವರ್ಷಕ್ಕೊಮ್ಮೆ ಬದಲಾಗಬೇಕು. ಬದಲಾಗಿಲ್ಲದಿದ್ದರೆ ಆ ಕೆಲಸ ನಿಮ್ಮ ತಲೆಗೆ. ಪ್ರೊಪೆಲ್ಲರ್ ಯಾವತ್ತಾದರೂ ನೆಲಕ್ಕೆ ತಾಗಿತ್ತಾ ಎಂದು ಮುಖ ನೋಡಿ ಕೇಳಿ. ತಾಗಿದ್ದರೆ ಗೇರ್‌ಬಾಕ್ಸ್ ಬಿಚ್ಚಿದ ದಾಖಲೆ, ಕ್ರ್ಯಾಂಕ್ ನೋಡಿದ ದಾಖಲೆ ಬೇಕೇ ಬೇಕು. ಎಣ್ಣೆ ಫಿಲ್ಟರ್ ಕೊಯ್ದು ಮಡಿಕೆ ಬಿಡಿಸಿ ನೋಡಿ. ಮ್ಯಾಗ್ನೆಟ್ ಪ್ಲಗ್ ತೆಗೆಸಿ. ಅಂಟಿದ ಹಿಟ್ಟಿನಂಥ ಪುಡಿ ಪರವಾಗಿಲ್ಲ, ಚೂರು ಕಂಡರೆ ಎದ್ದು ಬನ್ನಿ.

ಎಣ್ಣೆ ಅಳೆಯುವುದು ಹೇಗೆ ಅಂತಲೂ ಕಲಿತುಕೊಳ್ಳಿ. ಡಿಪ್‌ಸ್ಟಿಕ್ ಸುಮ್ನೆ ಎತ್ತಿ ನೋಡಿದರೆ ಸುಳ್ಳು ಹೇಳುತ್ತದೆ. ಡ್ರೈ ಸಂಪ್ ಅಲ್ವಾ (ಎಣ್ಣೆಗೆ ಬೇರೆಯೇ ಟ್ಯಾಂಕ್), ಎಣ್ಣೆ ಎಂಜಿನ್ ಒಳಗೂ ಇರುತ್ತದೆ. ಎರಡೂ ಇಗ್ನಿಷನ್ ಆಫ್ ಮಾಡಿ, ಟ್ಯಾಂಕಿನ ಮುಚ್ಚಳ ತೆಗೆದು, ಪ್ರೊಪೆಲ್ಲರ್ ಅನ್ನು ಅದು ತಿರುಗುವ ದಿಕ್ಕಿಗೇ ಕೈಯಲ್ಲಿ ನಿಧಾನ ತಿರುಗಿಸಿ. ಹಿಂದಕ್ಕೆ ತಿರುಗಿಸಬೇಡಿ. ಹತ್ತು ಹದಿನೈದು ಸುತ್ತಾದ ಮೇಲೆ ಟ್ಯಾಂಕಿನಿಂದ ಗಳಗಳ ಅಂತ ತೇಗು ಬರುತ್ತದೆ. ಆಗ ಅಳೆಯಿರಿ.

ಗಿರಗಿಟ್ಲೆ:
ಪ್ರೊಪೆಲ್ಲರ್ ಅಲಗಿನ ಕೋನವನ್ನು ಜಾಸ್ತಿ ಇಡಬೇಡಿ. ಪೂರ್ತಿ ಥ್ರಾಟಲ್‌ನಲ್ಲಿ 5200ಕ್ಕಿಂತ ಕೆಳಗೆ ಓಡಿಸಿದರೆ ಎಂಜಿನ್ ಏದುಸಿರು ಬಿಡುತ್ತದೆ. ಟಾಪ್ ಗೇರ್‌ನಲ್ಲಿ ದಿಬ್ಬ ಹತ್ತಿದ ಹಾಗೆ. ಐಡಲ್ ಕೂಡ 1400ಕ್ಕಿಂತ ಕೆಳಗೆ ಬೇಡ, ಗೇರ್‌ಬಾಕ್ಸ್ ಕಟಕಟ ಹೊಡೆದುಕೊಳ್ಳುತ್ತದೆ. (ಹೌದು, ನನ್ನ ಹಿಂದಿನ ವಿಮಾನ ರೋಟಾಕ್ಸೇ.)

ಲೆಕ್ಕದಪುಸ್ತಕ:
ಎಂಜಿನ್ ಕೂರಿಸಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲು, ಪೆಟ್ರೋಲ್ ಹರಿವು ಅಳೆಯಿರಿ. ಯುಎಲ್‌ಎಸ್ ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಟ್ಯಾಂಕ್ ಮೇಲಿದ್ದು ತಾನೇ ಇಳಿದು ಬರುವ ವ್ಯವಸ್ಥೆಗೆ ಅದರ 150% ಬರಬೇಕು, ಅಂದರೆ 40.5. ಪಂಪ್‌ನಿಂದ ಆದರೆ 125%. ನಿಮ್ಮದು ಮೇಲಿನ ರೆಕ್ಕೆ, ಪಂಪ್ ನಿಂತರೂ ಬರಬೇಕು ಅಂತಿಟ್ಟುಕೊಂಡು 40.5ಕ್ಕೇ ನೋಡಿ. ಮೂಗು ಮೇಲೇರುವ ಕೋನದಲ್ಲಿರಬೇಕು, ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇರಬೇಕು. ಮಟ್ಟಸವಾಗಿ ನಿಲ್ಲಿಸಿ ಟ್ಯಾಂಕ್ ತುಂಬಿಸಿ ಅಳೆದರೆ ಎಲ್ಲರೂ ಪಾಸು.

ಶೆಡ್ಡಲ್ಲಿ_ವಿಮಾನ:
ಐದು ತಿಂಗಳ ನಂತರ ವರದಿ. ಎಂಜಿನ್ ಕೂತಿದೆ. ತಕ್ಕಡಿ ಮೇಲೆ ಇಟ್ಟಾಗ ಖಾಲಿ ತೂಕ 338, ಬಣ್ಣ ಸೇರಿ. ಸೀಸ ಒಂದು ಗ್ರಾಂ ಇಲ್ಲ.

ಇವತ್ತು ಹರಿವಿನ ಪರೀಕ್ಷೆ ಮಾಡಿದೆ. ಬಾಲವನ್ನು ಕೆಳಗೆ ಕಟ್ಟಿ, ಮೂಗಿನ ಚಕ್ರದ ಕೆಳಗೆ ಹಲಗೆ ಪೇರಿಸಿದೆ. ಶೆಡ್ಡಿನ ಬಾಗಿಲು ಪೂರ್ತಿ ತೆರೆದು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೆ. ಎಡ ಟ್ಯಾಂಕಿನಲ್ಲಿ 6 ಲೀಟರ್. ಕಾರ್ಬುರೇಟರ್ ಹತ್ತಿರದ ಹೋಸ್ ಬಿಚ್ಚಿ ಅಳತೆಯ ಡಬ್ಬಕ್ಕೆ ಬಿಟ್ಟೆ. ಐದು ನಿಮಿಷ. 2.6 ಲೀಟರ್ ಬಂತು. ಗಂಟೆಗೆ 31.

ಎಂಜಿನ್ ಓಡುತ್ತಿತ್ತು, ಟೇಕಾಫೂ ಆಗುತ್ತಿತ್ತು ಬಹುಶಃ. ಆದರೆ 40.5 ಅಲ್ಲ. ಒಂದೊಂದೇ ಬಿಚ್ಚುತ್ತಾ ಹೋದೆ. ಫಿಲ್ಟರ್ ತೆಗೆದರೂ ಅಷ್ಟೇ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ, ಸ್ವಲ್ಪ ಜಾಸ್ತಿಯಾಯಿತು. ಮುಚ್ಚಳದಲ್ಲಿ ಗಾಳಿಯ ತೂತು ಚಿಕ್ಕದಿತ್ತು, ಅದರ ಅರ್ಧಕ್ಕೆ ಬಣ್ಣ ಬೇರೆ ಕೂತಿತ್ತು! ಆಮೇಲೆ ವಾಲ್ವ್ ಹತ್ತಿರ ಬೆನ್ನಿಗೆ ಬೆನ್ನು ಹಾಕಿದ್ದ ಎರಡು 90 ಡಿಗ್ರಿ ಮೊಣಕೈ ತೆಗೆದು, ಹೋಸನ್ನು ದೊಡ್ಡ ತಿರುವಿನಲ್ಲಿ ತಂದೆ. ಮತ್ತೆ ಐದು ನಿಮಿಷ. 3.9 ಲೀಟರ್. ಗಂಟೆಗೆ 46.8.

ಹಳೇ_ಮ್ಯಾಗ್ನೆಟೊ:
ಒ-200 ಆಗಿದ್ದರೂ ಅದೇ ತೂತು, ಅದೇ ಮೊಣಕೈ ಇರುತ್ತಿತ್ತು. ಒಪ್ಪಿದೆ ಮಾರಾಯ್ರೆ. ಅಭಿನಂದನೆ.

ಎಣ್ಣೆಕೈ:
ಭೇಷ್. ಬಲ ಟ್ಯಾಂಕು?

ಶೆಡ್ಡಲ್ಲಿ_ವಿಮಾನ:
ಅದೇ ಹೋಸು, ಅದೇ ಮುಚ್ಚಳ ಗುರುಗಳೇ. ಹಾಗೇ ಬರುತ್ತದೆ ಅಂತ ಅಂದುಕೊಂಡೆ.

ಎಣ್ಣೆಕೈ:
ಹಲಗೆ ತೆಗೆದಿದ್ದೀರಾ?

ಶೆಡ್ಡಲ್ಲಿ_ವಿಮಾನ:
ಇಲ್ಲ. ನಾಳೆ ಬೆಳಿಗ್ಗೆ ಅಳೆಯುತ್ತೇನೆ.